ಬೋರಮ್ಮನ ಕಂದು ಗರುಡ

ಬೋರಮ್ಮ ಕದ್ದುಮುಚ್ಚಿ ಬಿರಿಯಾನಿ ಮಾಡಿ ಮಾರುತ್ತಾಳೆ ಎಂದು ಸುಶಮೀಂದ್ರ ಒಂದೂವರೆ ವರ್ಷ ನಂಬಿದ್ದರು. ಮದರಾಸಿನ ವಡಪಳನಿಯ ಹನ್ನೆರಡು ಮನೆಗಳ ಒಂದು ಅಪಾರ್ಟ್‌ಮೆಂಟಿನ ಸಂಘಕ್ಕೆ ಅವರು ಕಾರ್ಯದರ್ಶಿ. ಆಧಾರವಿಲ್ಲದೆ ಏನನ್ನೂ ನಂಬುವವರಲ್ಲ. ಹಿಂದುಗಡೆಯ ಹಳೆಯ ಮನೆಯ ತಾರಸಿಯಲ್ಲಿ ಒಂದು ಶೀಟಿನ ಕೋಣೆ, ಅದರಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು, ಅವಳ ಕೈಯಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆಗೆ ಕೋಳಿ ಅಂಗಡಿಯಿಂದ ಬರುವ ಕಪ್ಪು ಪ್ಲಾಸ್ಟಿಕ್ ಚೀಲ. ಚೀಲದಿಂದ ಕೆಂಪಗೆ ತೊಟ್ಟಿಕ್ಕುತ್ತಿತ್ತು. ಇಷ್ಟು ಸಾಕ್ಷಿಯ ಬಲದ ಮೇಲೆ ಅವರು ಕಾರ್ಪೊರೇಷನ್ನಿಗೆ ಮೂರು ಪತ್ರ ಬರೆದರು. ಮೂರನೆಯದರಲ್ಲಿ ತಾವು ನಿವೃತ್ತರಾದ ಹುದ್ದೆಯನ್ನು ಎರಡು ಸಲ ನಮೂದಿಸಿದ್ದರು.

ಬಿರಿಯಾನಿಯ ವಾಸನೆ ಒಂದು ದಿನವಾದರೂ ಬಂದಿದೆಯೇ ಎಂದು ಹೆಂಡತಿ ಕೌಸಲ್ಯಾ ಕೇಳಿದಳು. ವಾಸನೆ ಬಾರದ ಹಾಗೆ ಮಾಡುವುದರಲ್ಲೇ ಇಂಥವರ ಕೈಚಳಕ ಇರುವುದು ಎಂದು ಸುಶಮೀಂದ್ರ ವಿವರಿಸಿದರು.

ಒಂದು ಬೆಳಿಗ್ಗೆ ನೀರಿನ ಟ್ಯಾಂಕು ನೋಡಲು ತಾರಸಿ ಹತ್ತಿದಾಗ ನಿಜ ಕಣ್ಣಿಗೆ ಬಿತ್ತು. ಎದುರು ತಾರಸಿಯಲ್ಲಿ ಬೋರಮ್ಮ ಬಲಗೈಯನ್ನು ಆಕಾಶಕ್ಕೆ ಎತ್ತಿ ನಿಂತಿದ್ದಳು. ಬೆರಳ ತುದಿಯಲ್ಲಿ ಕೋಳಿಯ ಕರುಳು. ನಾಲಿಗೆ ಮಡಚಿ ಆಕೆ ಒಂದು ಸಿಳ್ಳೆ ಹಾಕಿದ್ದೇ ತಡ, ಎಲ್ಲೆಲ್ಲಿಂದಲೋ ಇಪ್ಪತ್ತು ಮೂವತ್ತು ಹದ್ದುಗಳು ಬಂದು ಸುತ್ತತೊಡಗಿದವು. ಒಂದು ಸುಶಮೀಂದ್ರರ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಅವರು ಟ್ಯಾಂಕಿನ ಹಿಂದೆ ಕುಳಿತರು. ಉಳಿದ ತಪಾಸಣೆಯನ್ನು ಕುಳಿತೇ ಮಾಡಿದರು.

ಬೋರಮ್ಮ ಮಳವಳ್ಳಿ ಕಡೆಯವಳು. ಮದುವೆಯಾಗಿ ಬಂದು ಬಿದ್ದದ್ದು ಕೋಡಂಬಾಕ್ಕಂಗೆ. ಕನ್ನಡದ ಪಿಕ್ಚರುಗಳೂ ಇಲ್ಲೇ ತಯಾರಾಗುತ್ತಿದ್ದ ಕಾಲ ಅದು. ಗಂಡ ತಮ್ಮಯ್ಯ ಸ್ಟುಡಿಯೋಗಳಿಗೆ ಹಕ್ಕಿ ಒದಗಿಸುವವನು. ಗಿಳಿ, ಪಾರಿವಾಳ, ನವಿಲು ಇವೆಲ್ಲ ಅವನ ಕೈಯಲ್ಲಿ ಸಲೀಸು. ಪೌರಾಣಿಕ ಚಿತ್ರಕ್ಕೆ ಗರುಡ ಬೇಕೆಂದು ಹೇಳಿಕಳಿಸಿದ ದಿನ ಮಾತ್ರ ಅವನಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಕೊಕ್ಕು ಬಾಗಿದ ಹಕ್ಕಿ ಕಂಡರೆ ಅವನಿಗೆ ಅಷ್ಟು ಹೆದರಿಕೆ. ಆದ್ದರಿಂದ ಹದ್ದು, ಗರುಡ, ಗೂಬೆಗಳೆಲ್ಲ ಹೆಂಡತಿಯ ಪಾಲಿಗೆ ಬಂದವು.

ಕೆಲಸವನ್ನು ಆಕೆಗೆ ಯಾರೂ ಕಲಿಸಲಿಲ್ಲ. ಹಕ್ಕಿಗಳೇ ಸತ್ತು ಸತ್ತು ಕಲಿಸಿದವು. ನಾಯಕ ಬಾಣ ಬಿಟ್ಟಾಗ ಹಕ್ಕಿ ಬೀಳಬೇಕು. ಬೀಳಲಿ ಎಂದು ಅದರ ಕಾಲಿಗೆ ನೈಲಾನ್ ದಾರ. ದಾರ ಎಳೆಯುತ್ತಿದ್ದವಳು ಬೋರಮ್ಮ. ಒಂದು ಸಲ ನಾಯಕ ಮೀಸೆ ಸರಿಯಿಲ್ಲವೆಂದು ಆರು ಟೇಕು ತೆಗೆಸಿದ. ಆರನೆಯದಕ್ಕೆ ದಾರದ ಜೊತೆ ಕಾಲೂ ಕೈಗೆ ಬಂತು. ಯುದ್ಧದ ದೃಶ್ಯವೊಂದಕ್ಕೆ ಒಂಬತ್ತು ಹಕ್ಕಿ ಒಯ್ದು ನಾಲ್ಕನ್ನು ವಾಪಸು ತಂದದ್ದನ್ನು ಆಕೆ ಕಣ್ಣೀರಿಲ್ಲದೆ, ಹೆಮ್ಮೆಯೂ ಇಲ್ಲದೆ ಹೇಳುತ್ತಿದ್ದಳು. ಯಾರಾದರೂ 'ಅಯ್ಯೋ ಪಾಪ' ಎಂದರೆ, ಪಿಕ್ಚರು ನೂರು ದಿನ ಓಡಿತು, ನೀವೂ ನೋಡಿರುತ್ತೀರಿ ಎನ್ನುತ್ತಿದ್ದಳು.

ಆಕೆ ಕಂಡುಕೊಂಡ ಒಂದು ಉಪಾಯ ಮಾತ್ರ ಇಡೀ ಕೋಡಂಬಾಕ್ಕಂನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಮಾಂಸವನ್ನು ಎಸೆದರೆ ಹಕ್ಕಿ ಇಳಿದು ಕಚ್ಚಿಕೊಂಡು ಹೋಗುತ್ತದೆ. ಎಸೆಯದೆ ಕೈಯೆತ್ತಿ ಹಿಡಿದೇ ನಿಂತರೆ, ಎಷ್ಟು ಹೊತ್ತು ಹಿಡಿದಿರುತ್ತೀರೋ ಅಷ್ಟು ಹೊತ್ತು ತಲೆಯ ಮೇಲೆ ಪ್ರದಕ್ಷಿಣೆ ಹಾಕುತ್ತದೆ. ತೆರೆಯ ಮೇಲೆ ದೇವರಿಗೆ ಗರುಡ ಸುತ್ತು ಹಾಕಿದ್ದಕ್ಕೆ ಥಿಯೇಟರಿನಲ್ಲಿ ಜನ ಕೈಮುಗಿದಾಗಲೆಲ್ಲ, ದೇವರ ಸೆಟ್ಟಿನ ಹಿಂದೆ ಬೋರಮ್ಮ ಕೋಳಿಯ ಲಿವರು ಹಿಡಿದು ನಿಂತಿರುತ್ತಿದ್ದಳು.

ಆಮೇಲೆ ಪಿಕ್ಚರುಗಳು ಬೆಂಗಳೂರಿಗೆ ಹೋದವು, ಹಕ್ಕಿಗಳಿಗೆ ಕಾಯಿದೆ ಬಂತು, ಗರುಡನನ್ನು ಕಂಪ್ಯೂಟರಿನಲ್ಲೇ ಹಾರಿಸುವ ಹುಡುಗರು ಬಂದರು. ತಮ್ಮಯ್ಯ ತೀರಿಕೊಂಡ. ಬೋರಮ್ಮ ಪಂಜರಗಳನ್ನು ತೆರೆದುಬಿಟ್ಟು, ಒಂದು ಕಾಸ್ಟ್ಯೂಮ್ ಅಂಗಡಿಯಲ್ಲಿ ದೇವತೆಗಳಿಗೆ ಬಟ್ಟೆಯ ರೆಕ್ಕೆ ಹೊಲಿಯುವ ಕೆಲಸಕ್ಕೆ ಸೇರಿದಳು. ಬಿಟ್ಟ ಹಕ್ಕಿಗಳು ದೂರ ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೆ ಅವು ಬರುತ್ತಿದ್ದವು. ಅವುಗಳ ಜೊತೆ ಊರಿನ ಬೇರೆ ಹದ್ದುಗಳೂ ಬಂದವು. ಕಪ್ಪು ಚೀಲದ ಕತೆ ಇಷ್ಟೇ.

ಅವುಗಳಲ್ಲಿ ಒಂದನ್ನು ಬೋರಮ್ಮ 'ಪಟೇಲ' ಎಂದು ಕರೆಯುತ್ತಿದ್ದಳು. ಗೂಡಿನಿಂದ ಹೊಸದಾಗಿ ಹೊರಟ ಮರಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡು ಬಿದ್ದಿತ್ತು. ಆಕೆ ರೆಕ್ಕೆ ಹೊಲಿಯುವ ಸೂಜಿಯಲ್ಲೇ ಅದರ ರೆಕ್ಕೆಯನ್ನೂ ಹೊಲಿದಳು. ಎಂಟು ತಿಂಗಳು ಮಂಚದ ಕೆಳಗೆ ಇಟ್ಟುಕೊಂಡು ಆಮೇಲೆ ಹಾರಿಸಿದಳು. ಮೈಯೆಲ್ಲ ಕಂದು ಬಣ್ಣ. ಎದೆ ಉಬ್ಬಿಸಿ, ಕತ್ತು ತಿರುಗಿಸಿ, ಬೇರೆ ಹಕ್ಕಿಗಳನ್ನು ಕಂಡೂ ಕಾಣದಂತೆ ಟ್ಯಾಂಕಿನ ಮೇಲೆ ಕೂರುತ್ತಿದ್ದುದರಿಂದ ಆ ಹೆಸರು. ಹಾಗೆ ಕೂರುವ ಇನ್ನೊಬ್ಬರು ನಮ್ಮ ಮನೆಯಲ್ಲೂ ಇದ್ದಾರೆ ಎಂದು ಕೌಸಲ್ಯಾ ಹೇಳಿದ್ದುಂಟು.

ಎರಡು ಸಾವಿರದ ಆರನೆಯ ಇಸವಿಯ ಜನವರಿಯಲ್ಲಿ ಸುಶಮೀಂದ್ರ ತಾವಾಗಿಯೇ ಬೋರಮ್ಮನ ಕೋಣೆಯ ಮೆಟ್ಟಿಲು ಹತ್ತಿದರು. ಅವರ ಮಾನ ಹೋಗುವ ಪ್ರಸಂಗ ಬಂದಿತ್ತು.

ವಂಡಲೂರು ದಾಟಿ ಒಳಗೆ ಹನ್ನೆರಡು ಕಿಲೋಮೀಟರ್ ಹೋದರೆ ವೈಕುಂಠ ನಗರ ಎಂಬ ಬಡಾವಣೆ. ಮದರಾಸಿನಲ್ಲಿ ಮೂರು ತಲೆಮಾರಿನಿಂದ ಇರುವ ಕನ್ನಡದ ವೈಷ್ಣವ ಮನೆತನಗಳು ಅಲ್ಲಿ ಸೈಟು ಮಾಡಿಕೊಂಡಿದ್ದವು. ಮನೆ ಯಾರೂ ಕಟ್ಟಿರಲಿಲ್ಲ. ಶ್ರೀನಿವಾಸನ ಗುಡಿಯನ್ನು ಮಾತ್ರ ಕಟ್ಟಿಸಿದ್ದರು. ಕುಂಭಾಭಿಷೇಕ ಸಮಿತಿಗೆ ಸುಶಮೀಂದ್ರರೇ ಅಧ್ಯಕ್ಷರು. ಆ ಸೀಮೆಯ ಪದ್ಧತಿಯೆಂದರೆ, ಶಿಖರದ ಕಲಶಕ್ಕೆ ನೀರು ಸುರಿಯುವ ಮೊದಲು ಆಕಾಶದಲ್ಲಿ ಗರುಡ ಬಂದು ಸುತ್ತಬೇಕು. ಪುರೋಹಿತರು ಕೊಡ ಹಿಡಿದು ಮೇಲೆ ನೋಡುತ್ತ ನಿಲ್ಲುತ್ತಾರೆ. ಜನ ಕೆಳಗೆ ನಿಂತು ಮೇಲೆ ನೋಡುತ್ತಾರೆ. ಬಿಳಿಯ ಎದೆ, ಕೆಂಪು ರೆಕ್ಕೆ ಕಂಡ ಕೂಡಲೇ 'ಗೋವಿಂದಾ' ಎಂಬ ಕೂಗು, ಅಭಿಷೇಕ. ಸುಶಮೀಂದ್ರ ಇದನ್ನು ಆಮಂತ್ರಣದಲ್ಲೇ ಅಚ್ಚು ಹಾಕಿಸಿಬಿಟ್ಟಿದ್ದರು. ಎರಡು ವಾರದಿಂದ ಅಲ್ಲಿಗೆ ಹೋಗಿ ಆಕಾಶ ನೋಡಿದರೂ ಒಂದು ಗರುಡನ ಸುಳಿವಿಲ್ಲ. ಪಕ್ಕದ ಬಡಾವಣೆಯ ಗಣಪತಿಗೇ ಹೋದ ವರ್ಷ ಮೂರು ಸುತ್ತು ಬಂದಿತ್ತು. ಶ್ರೀನಿವಾಸನ ಸ್ವಂತ ವಾಹನ ಶ್ರೀನಿವಾಸನಿಗೇ ಬರದೆ ಹೋದರೆ ಅಧ್ಯಕ್ಷರ ಬಗ್ಗೆ ಜನ ಏನೆಂದಾರು?

ಬೋರಮ್ಮ ರೆಕ್ಕೆ ಹೊಲಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಜಾಗ ನೋಡಬೇಕು ಎಂದಳು, ಅಷ್ಟೇ.

ಮಾರನೆಯ ದಿನ ಸುಶಮೀಂದ್ರ ಆಕೆಯನ್ನು ಕಾರಿನಲ್ಲಿ ಕರೆದೊಯ್ದರು. ಹಿಂದಿನ ಮಳೆಗಾಲ ಚೆನ್ನೈಯನ್ನೇ ಮುಳುಗಿಸಿದ್ದರಿಂದ ಗುಡಿಯ ಹಿಂದಿನ ಕೆರೆ ಏರಿಯ ತನಕ ತುಂಬಿತ್ತು. ಕೆರೆಯಾಚೆ ತೆಂಗಿನ ಮರದ ತಲೆಯಲ್ಲಿ ಕಡ್ಡಿಯ ಗೂಡೊಂದಿತ್ತು. ಬೋರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಅದನ್ನೇ ನೋಡಿದಳು. ಗೂಡಿನ ಅಂಚಿನ ಮೇಲೆ ಎರಡು ಕಂದು ತಲೆಗಳು ಎದ್ದು ಮುಳುಗುತ್ತಿದ್ದವು. ತಾಯಿ ತಂದೆ ದೂರದ ತಾಳೆಮರದ ಮೇಲೆ ಕುಳಿತಿದ್ದವು. ನಸುಕಿನ ಹೊತ್ತು ಬಿಟ್ಟರೆ ಹತ್ತಿರ ಬರಲು ಅವಕ್ಕೆ ಧೈರ್ಯವಿರಲಿಲ್ಲ.

ಧೈರ್ಯ ಏಕಿಲ್ಲ ಎಂಬುದು ಏರಿಯ ಮೇಲೆ ಹತ್ತು ಹೆಜ್ಜೆ ನಡೆದಾಗ ಕಂಡಿತು. ಕೆರೆಯ ಈಚೆಗೆ ನಾಟಿ ಕೋಳಿಗಳನ್ನು ಬಯಲಲ್ಲಿ ಬಿಟ್ಟು ಸಾಕುವ ಒಂದು ಫಾರ್ಮು. ಬೇಲಿಯುದ್ದಕ್ಕೂ ಬಿದಿರಿನ ಗಳುಗಳು. ಒಂದೊಂದು ಗಳುವಿಗೆ ಒಂದೊಂದು ಹಕ್ಕಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿತ್ತು. ಒಟ್ಟು ಹನ್ನೊಂದು. ಕೆಲವು ಒಣಗಿ ಹಗುರಾಗಿ ಗಾಳಿಗೆ ತಿರುಗುತ್ತಿದ್ದವು. ಎರಡು ಹೊಸವು, ಇರುವೆ ಮುತ್ತಿದ್ದವು. ಒಂದರ ರೆಕ್ಕೆ ಇನ್ನೂ ಆಗಾಗ ಅದುರುತ್ತಿತ್ತು.

ಫಾರ್ಮು ಸುಶಮೀಂದ್ರರದೇ. ಅವರು ಅದನ್ನು ಕೋಳಿ ಫಾರ್ಮು ಎಂದು ಎಂದೂ ಕರೆಯುತ್ತಿರಲಿಲ್ಲ, 'ನಮ್ಮ ಆಗ್ರೋ ಪ್ರಾಜೆಕ್ಟ್' ಎನ್ನುತ್ತಿದ್ದರು. ಬೇಲಿಯೊಳಗೆ ಕಾಲಿಟ್ಟವರೂ ಅಲ್ಲ. ನೋಡಿಕೊಳ್ಳುತ್ತಿದ್ದವನು ಅವರ ದೂರದ ಸೋದರಳಿಯ ತಿರುಮಲೇಶ. ಬೆಳಗಿನ ಸಂಧ್ಯಾವಂದನೆ ಮುಗಿಸಿ, ಜನಿವಾರ ಅಡ್ಡ ಬರದಂತೆ ಹಿಂದಕ್ಕೆ ಸರಿಸಿಕೊಂಡು, ಅವನು ಏರ್‌ಗನ್ ಹಿಡಿಯುತ್ತಿದ್ದ. ಕೋಳಿಮರಿ ಎತ್ತಿಕೊಂಡು ಹೋಗುವ ಹದ್ದುಗಳಿಗೆ ಅದು ಪಾಠವಂತೆ. ಸತ್ತ ಹಕ್ಕಿಯನ್ನು ನೇತುಹಾಕುವುದು ಉಳಿದವಕ್ಕೆ ಪಾಠವಂತೆ.

ಸುಶಮೀಂದ್ರ ಮುಜುಗರಪಡಲಿಲ್ಲ. ಅದಕ್ಕೆ ಅವರು ಮೊದಲೇ ವ್ಯವಸ್ಥೆ ಮಾಡಿದ್ದರು. ತಮಿಳು ಬೆರೆತ ತಮ್ಮ ಮದರಾಸಿನ ಕನ್ನಡದಲ್ಲಿ ಹೇಳಿದರು:

"ಇದೆಲ್ಲ ಹದ್ದು ಬೋರಮ್ಮಾ. ಗರುಡನ್ನ ಮುಟ್ಟಕೂಡದು ಅಂತ ಸ್ಟ್ರಿಕ್ಟಾ ಸೊಲ್ಲಿ ಇಟ್ಟಿದೀನಿ. ಬೇಕಾದ್ರೆ ಪಾರು, ಒಂದಕ್ಕಾದ್ರೂ ಬಿಳಿ ಎದೆ ಇದೆಯಾ?"

ಬೋರಮ್ಮ 'ಪಾರಿ'ದಳು. ಒಂದೊಂದು ಗಳುವಿನ ಹತ್ತಿರ ಹೋಗಿ, ಹಕ್ಕಿಯ ಬಾಲವನ್ನು ಬೀಸಣಿಗೆಯ ಹಾಗೆ ಬಿಡಿಸಿ ನೋಡಿ, ಮುಂದಿನದಕ್ಕೆ ಹೋದಳು. ರೆಕ್ಕೆ ಅದುರುತ್ತಿದ್ದುದರ ಕತ್ತನ್ನು ಹೋಗುತ್ತ ಹೋಗುತ್ತಲೇ ಹಿಸುಕಿ ಮುಗಿಸಿದಳು. ಕೊನೆಯದನ್ನು ನೋಡಿ ವಾಪಸು ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ಬಾಲ ಕವಲಾಗಿರವು ಹದ್ದು, ನಾಕವೆ. ಬಾಲ ದುಂಡಗಿರವು ಏಳು. ಏಳೂ ಗರುಡನ ಮರಿ ಅಯ್ನೋರೆ. ಮೂರು ವರ್ಸ ತುಂಬಗಂಟ ಗರುಡ ಹಿಂಗೇ ಇರದು, ಕಂದುಗೆ. ಎದೆ ಬೆಳ್ಳಗಾಗಗಂಟ ನಿಮ್ಮೋರು ಬುಟ್ರೆ ತಾನೆ?"

ಸುಶಮೀಂದ್ರರಿಗೆ ಇದು ಹೊಸ ವಿಷಯ. ದಿನಾ ಬೆಳಿಗ್ಗೆ ಗರುಡನ ಸ್ತೋತ್ರ ಹೇಳುತ್ತಿದ್ದರು. ಗರುಡನಿಗೂ ಬಾಲ್ಯವಿರುತ್ತದೆ ಎಂದು ಅದರಲ್ಲಿ ಬಂದಿರಲಿಲ್ಲ. ಬಿಳಿ ಎದೆಯವರನ್ನು ಬಿಟ್ಟು ಕಂದು ಬಣ್ಣದವರನ್ನೆಲ್ಲ ಕೊಂದರೆ ಕೆಲವು ವರ್ಷದಲ್ಲಿ ಆಕಾಶ ಖಾಲಿಯಾಗುತ್ತದೆ ಎಂಬ ಲೆಕ್ಕ ಅವರಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಅವರು ಚಿಂತಿಸಿದ್ದು ಹಾಗಾದರೆ ಫೆಬ್ರವರಿ ಐದಕ್ಕೆ ಏನು ಗತಿ ಎಂದು.

ದುಂಡು ಬಾಲದ ಪಟೇಲನೂ ಗರುಡನ ಮರಿಯೇ, ಕೈಗೆ ಪಳಗಿದವನು ಅವನೊಬ್ಬನೇ; ಗತಿ ಅವನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೋರಮ್ಮ ಒಪ್ಪಲಿಲ್ಲ. ಹಾರುವ ಹಕ್ಕಿಯನ್ನು ಹಿಡಿದು ಹೊಸ ಜಾಗಕ್ಕೆ ಒಯ್ಯುವ ಕೆಲಸವನ್ನು ಬಿಟ್ಟು ಐದು ವರ್ಷವಾಗಿದೆ, ಮತ್ತೆ ಮಾಡುವುದಿಲ್ಲ ಎಂದಳು. ಸುಶಮೀಂದ್ರ ಮೊದಲು ಪುಣ್ಯದ ಮಾತಾಡಿದರು. ಅದು ನಡೆಯದಿದ್ದಾಗ ಕಾಯಿದೆಯ ಮಾತಾಡಿದರು: ಗರುಡನನ್ನು ಮಂಚದ ಕೆಳಗೆ ಎಂಟು ತಿಂಗಳು ಇಟ್ಟುಕೊಂಡಿದ್ದು ಅಪರಾಧ, ಗಿಂಡಿಯ ಅರಣ್ಯ ಕಚೇರಿಯಲ್ಲಿ ತಮಗೆ ಗೊತ್ತಿರುವ ಅಧಿಕಾರಿಗಳಿದ್ದಾರೆ, ತಾವೇನೂ ಹೇಳುವುದಿಲ್ಲ, ಆದರೂ. ಹನ್ನೊಂದು ಹೆಣಗಳ ಕೆಳಗೆ ನಿಂತು ಇದನ್ನು ಹೇಳುವಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ಬೋರಮ್ಮನೂ ನಗಲಿಲ್ಲ. ಆಕೆ ತೆಂಗಿನ ಮರದ ಕಡೆ ನೋಡುತ್ತಿದ್ದಳು. ಆ ಎರಡು ಮರಿಗಳು ಇನ್ನು ಮೂರು ವಾರದಲ್ಲಿ ಹಾರುತ್ತವೆ. ಹಾರಿದ ದಿನವೇ ಗಳುವಿಗೆ ಏರುತ್ತವೆ. ಆಕೆಯೇ ಬೆಲೆ ಹೇಳಿದಳು.

"ಪಟೇಲನ ತತ್ತೀನಿ. ಅವತ್ತು ಹೊತ್ತಾರೆಯಿಂದ ಆ ಕೋವಿ ಬೀಗದೊಳಗಿರಬೇಕು. ಆಮ್ಯಾಕೂ ಆಚೆ ಬರಕೂಡದು. ಆ ಮರದ ಮರಿಗೊಳು ಹಾರಾಡ್ಕೊಂಡಿರಬೇಕು. ಆಯ್ತದಾ?"

ಆಯಿತು ಎಂದರು ಸುಶಮೀಂದ್ರ. ಶ್ರೀನಿವಾಸನ ಮೇಲೆ ಆಣೆ ಇಟ್ಟು ಆಯಿತು ಎಂದರು. ಆದರೆ ಹಕ್ಕಿಗೆ ಬಿಳಿ ಎದೆ ಇಲ್ಲವಲ್ಲ, ಜನ ಹದ್ದು ಎನ್ನುತ್ತಾರಲ್ಲ ಎಂದು ತಕ್ಷಣ ಇನ್ನೊಂದು ತೊಂದರೆ ಹುಡುಕಿದರು. ಅದಕ್ಕೆ ಸ್ಟುಡಿಯೋದ ಹಳೆಯ ಮದ್ದಿತ್ತು. ಪಳಗಿದ ಗರುಡ ಸಿಗದ ದಿನ ತಮ್ಮಯ್ಯ ದೂರ ನಿಂತು ಹೇಳಿಕೊಡುತ್ತಿದ್ದ, ಬೋರಮ್ಮ ಹದ್ದಿಗೇ ಬಣ್ಣ ಹಚ್ಚುತ್ತಿದ್ದಳು: ತಲೆ ಎದೆಗೆ ಗೋಂದು ಕಲಸಿದ ಅಕ್ಕಿಹಿಟ್ಟು, ರೆಕ್ಕೆಗೆ ಕೆಮ್ಮಣ್ಣು. ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಸುಶಮೀಂದ್ರ ಕೇಳಿದರು. ಹಕ್ಕಿ ನೀರು ಕಾಣುವ ತನಕ ಎಂದಳು ಬೋರಮ್ಮ. ಬಣ್ಣ ಕಡಿಯುತ್ತದೆ, ಬಿಟ್ಟ ಕೂಡಲೇ ಅದು ಮೊದಲು ಹುಡುಕುವುದು ನೀರು, ಅದಕ್ಕೇ ಕೋವಿಗೆ ಬೀಗ ಎಂದು ಇನ್ನೊಮ್ಮೆ ಹೇಳಿದಳು. ಸುಶಮೀಂದ್ರ ತಲೆಯಾಡಿಸಿದರು. ಆಗ ಅವರ ಮನಸ್ಸು ಶಾಮಿಯಾನದ ಮೇಲಿತ್ತು.

ಫೆಬ್ರವರಿ ಐದರ ಬೆಳಿಗ್ಗೆ ಬೋರಮ್ಮ ಬಿದಿರಿನ ಬುಟ್ಟಿಯೊಂದಿಗೆ ಬಂದಳು. ಬುಟ್ಟಿಯೊಳಗೆ ಪಟೇಲ, ತಲೆಗೆ ತೂತು ಮಾಡಿದ ಕಪ್ಪು ಕಾಲುಚೀಲ. ಗುಡಿಯ ಹಿಂದಿನ ಗೋಡೆಗೂ ನೀರಿನ ಡ್ರಮ್ಮಿಗೂ ನಡುವೆ ಆಕೆಗೆ ಜಾಗ ಮಾಡಿಕೊಟ್ಟಿದ್ದರು. ಶ್ರೀನಿವಾಸನ ಬೆನ್ನಿಗೆ ಕೋಳಿಯ ಲಿವರು ಬಂದು ಕೂತ ವಿಷಯವನ್ನು ಅಧ್ಯಕ್ಷರು ತಿಳಿಯದಿರಲು ನಿರ್ಧರಿಸಿದ್ದರು. ಕೌಸಲ್ಯಾ ಮಾತ್ರ ಬಂದು ಹಕ್ಕಿಯನ್ನು ನೋಡಿ, ನಮ್ಮ ಮಗಳನ್ನು ಹೆಣ್ಣು ನೋಡಲು ಬಂದ ದಿನ ಇವರು ಇಷ್ಟು ಪೌಡರು ಹಾಕಿಸಿದ್ದರು ಎಂದಳು.

ತಿರುಮಲೇಶನಿಗೆ ಸುಶಮೀಂದ್ರ ಹೇಳಬೇಕಾದದ್ದನ್ನು ಹೇಳಿದ್ದರು. ತಮ್ಮ ರೀತಿಯಲ್ಲಿ ಹೇಳಿದ್ದರು. ಕೋವಿ, ಬೀಗ ಎಂದೆಲ್ಲ ಹೇಳುವುದು ಅಷ್ಟು ಸರಿಯೆನಿಸಲಿಲ್ಲ. ಕೆಲಸದ ಹೆಂಗಸಿನ ಅಪ್ಪಣೆ ಪಾಲಿಸಿದಂತೆ ಕಾಣುತ್ತದೆ. ಅದರ ಸಾರಾಂಶವನ್ನು ಹೇಳಿದರು: "ಇವತ್ತು ಒಂದು ಗರುಡ ಬರತ್ತೆ ಕಣೋ, ಬೆಳ್ಳಗೆ. ಅದಕ್ಕೆ ಏನೂ ಆಗಕೂಡದು." ಅದೇನು ಮಾವ ಹೊಸದಾಗಿ ಹೇಳುತ್ತೀರಿ, ಬೆಳ್ಳಗಿರುವುದನ್ನು ನಾನು ಎಂದಾದರೂ ಮುಟ್ಟಿದ್ದೇನೆಯೇ ಎಂದ ತಿರುಮಲೇಶ. ಅವನ ಮಾತು ನಿಜವಿತ್ತು.

ಹತ್ತೂಕಾಲಿಗೆ ಲಗ್ನ. ಪುರೋಹಿತರು ಶಿಖರದ ಮೇಲೆ ಕೊಡ ಹಿಡಿದು ನಿಂತರು. ನಾಲ್ಕುನೂರು ಜನ ಕತ್ತೆತ್ತಿದರು. ಗೋಡೆಯ ಹಿಂದಿನಿಂದ ಒಂದು ಸಿಳ್ಳೆ ಕೇಳಿಸಿತು; ಅದನ್ನು ಯಾರೋ ನಾದಸ್ವರದ ತಪ್ಪು ಸ್ವರ ಎಂದುಕೊಂಡರು. ಮರುಕ್ಷಣ ಬಿಳಿಯ ಎದೆ, ಕೆಂಪು ರೆಕ್ಕೆಯ ಹಕ್ಕಿಯೊಂದು ಗೋಪುರದ ಹಿಂದಿನಿಂದ ಎದ್ದು ಶಿಖರಕ್ಕೆ ಸುತ್ತು ಹಾಕಿತು. ಒಂದು, ಎರಡು, ಮೂರು. ಪಕ್ಕದ ಗಣಪತಿಗೆ ಬಂದದ್ದು ಮೂರೇ ಎಂದು ನೆನಪಿಟ್ಟುಕೊಂಡು ಸುಶಮೀಂದ್ರ ಏಳರ ತನಕ ನಿಲ್ಲಿಸಬಾರದೆಂದು ಮೊದಲೇ ತಾಕೀತು ಮಾಡಿದ್ದರು. ಅರವತ್ತು ದಾಟಿದ ಆ ಕೈ ಏಳರ ತನಕ ಎತ್ತಿಯೇ ಇತ್ತು. ಗೋವಿಂದ ನಾಮ ಮುಗಿಲು ಮುಟ್ಟಿತು. ನೀರು ಸುರಿಯಿತು. ಅಧ್ಯಕ್ಷರ ಕಣ್ಣಲ್ಲೂ ನೀರು ಬಂತು. ಅದು ಸುಳ್ಳು ನೀರಲ್ಲ. ಬಣ್ಣ ಹಚ್ಚಿದ್ದನ್ನು ಆ ಹೊತ್ತಿಗೆ ಅವರು ಪೂರ್ತಿ ಮರೆತಿದ್ದರು.

ಏಳನೆಯ ಸುತ್ತಿಗೆ ಬೋರಮ್ಮ ಲಿವರು ಎಸೆದಳು. ಇಳಿದು ಬರಬೇಕಿದ್ದ ಪಟೇಲ ಡೊಳ್ಳು, ಶಂಖ, ಪಟಾಕಿಗೆ ಬೆದರಿ ಮೇಲೆ ಹೋದ. ಆಮೇಲೆ ಕೆರೆಯ ಕಡೆ ತಿರುಗಿದ.

ಊಟದ ಪಂಕ್ತಿ ಕುಳಿತಾಗ ಬೋರಮ್ಮ ಏರಿಯ ಮೇಲೆ ಸಿಳ್ಳೆ ಹಾಕುತ್ತ ಓಡಾಡುತ್ತಿದ್ದಳು. ಸುಶಮೀಂದ್ರರಿಗೆ ಶಾಲು ಹೊದಿಸುವುದು ನಡೆದಿತ್ತು. ಪಟೇಲ ಕೆರೆಯಂಚಿನ ಆಳವಿಲ್ಲದ ನೀರಿನಲ್ಲಿ ಕುಳಿತು ರೆಕ್ಕೆ ಬಡಿದು ಬಡಿದು ಸ್ನಾನ ಮಾಡಿದ. ಅಕ್ಕಿಹಿಟ್ಟು ಹೋಯಿತು, ಕೆಮ್ಮಣ್ಣು ಹೋಯಿತು. ಒದ್ದೆ ರೆಕ್ಕೆ ಒಣಗಿಸಲು ಹತ್ತಿರವೇ ಒಂದು ಒಳ್ಳೆಯ ಗಳು ಕಂಡಿತು. ಹೋಗಿ ಅದರ ಮೇಲೆ ಎದೆ ಉಬ್ಬಿಸಿ ಕುಳಿತ. ಬೋರಮ್ಮ ಏರಿಯಿಂದ ಕೂಗಿಕೊಂಡು ಓಡಿದಳು. ವಯಸ್ಸಾದ ಹೆಂಗಸು, ಸೀರೆ ಕಾಲಿಗೆ ತೊಡರಿತು. 'ಟಪ್' ಎಂಬ ಶಬ್ದ ದೊಡ್ಡದೇನೂ ಅಲ್ಲ. ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ.

ತಿರುಮಲೇಶನೇ ಬಂದು ಹೇಳಿದ. ಅವನ ಮುಖದಲ್ಲಿ ಕೆಲಸ ಮಾಡಿದ ಸಂತೋಷವಿತ್ತು. "ಹನ್ನೆರಡಾಯ್ತು ಮಾವ. ಬೆಳ್ಳಗಿರೋದು ಆಗಲೇ ಹಾರಿ ಪೋಯಾಚ್ಚು. ಇದು ಸುಮ್ಮಾ ಹದ್ದು."

ಸುಶಮೀಂದ್ರ ಪಾಯಸದ ಕೈಯಲ್ಲೇ ಎದ್ದು ಹೋದರು. ಬೋರಮ್ಮ ಬೇಲಿಯ ಬುಡದಲ್ಲಿ ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ಪಟೇಲ. ಕತ್ತು ಒಂದು ಕಡೆಗೆ ಬಿದ್ದಿತ್ತು, ಒಂದು ಕಣ್ಣು ತೆರೆದೇ ಇತ್ತು. ರೆಕ್ಕೆಯ ಹಳೆಯ ಹೊಲಿಗೆಯ ಗುರುತಿನ ಮೇಲೆ ಆಕೆಯ ಹೆಬ್ಬೆರಳು ಓಡಾಡುತ್ತಿತ್ತು. ಅಳುತ್ತಿರಲಿಲ್ಲ. ಸುಶಮೀಂದ್ರರನ್ನು ನೋಡಿ, ಕೋವಿ ಎಂದಳು.

ಅವರು ಅವಸರದಿಂದ ತಿರುಮಲೇಶನ ಕೈಯಿಂದ ಕೋವಿ ಇಸಿದುಕೊಂಡರು. ಶೆಡ್ಡಿನೊಳಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ, ಕೀಲಿಯನ್ನು ಬೋರಮ್ಮನಿಗೇ ತಂದುಕೊಟ್ಟರು. ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕೆರೆಯಾಚೆ ತೆಂಗಿನ ಮರದ ಮರಿಗಳು ಹಸಿದು ಕೂಗುತ್ತಿದ್ದವು. ಅವುಗಳ ತಾಯಿ ಹಾಡುಹಗಲಲ್ಲಿ ಮೊದಲ ಸಲ ಬೇಲಿ ದಾಟಿ ಗೂಡಿನ ಕಡೆ ಹಾರಿತು. ಸುಶಮೀಂದ್ರರಿಗೆ ಮನಸ್ಸು ಸ್ವಲ್ಪ ಹಗುರಾಯಿತು. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರು. ಅರ್ಧ ಗಂಟೆ ತಡವಾಗಿತ್ತು, ಅಷ್ಟೇ.

ಆದರೂ ಏನಾದರೂ ಸಮಾಧಾನ ಹೇಳದೆ ಪಂಕ್ತಿಗೆ ಹಿಂದಿರುಗುವುದು ಅಧ್ಯಕ್ಷರಿಗೆ ಶೋಭೆಯಲ್ಲ. ಭುಜದ ಶಾಲು ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದರು:

"ಸಾಕ್ಷಾತ್ ಶ್ರೀನಿವಾಸನಿಗೆ ಏಳು ಪ್ರದಕ್ಷಿಣೆ ಹಾಕಿದ ಜೀವ ಬೋರಮ್ಮಾ. ಅದಕ್ಕೆ ಮೋಕ್ಷ ಸಿಕ್ಕಿರತ್ತೆ, ಅಲ್ವಾ?"

ಬೋರಮ್ಮ ಹಕ್ಕಿಯ ಕತ್ತಿನ ಪುಕ್ಕ ಸರಿಸಿ, ಉಗುರಿನಿಂದ ಕೆದಕಿ, ಪುಟ್ಟ ಸೀಸದ ಗುಂಡೊಂದನ್ನು ತೆಗೆದು ಅವರ ಪಾಯಸದ ಕೈಗೆ ಹಾಕಿದಳು.

"ಸಿಕ್ಕಿದ್ದು ಇದು."